ಒಲೆ ಆರಿದರೆ ಸಾಲದು

ಆಷಾಢ ಮಾಸದ ಒಂದು ಶುಕ್ರವಾರ, ಬೆಳಗಿನ ಜಾವ. ಚಾಮುಂಡಿ ಬೆಟ್ಟದ ಪಾದದಲ್ಲಿ ಆಗಲೇ ಜನ ಸೇರಿದ್ದಾರೆ. ಸಣ್ಣಗೆ ತುಂತುರು, ಬೆಟ್ಟದ ಮೈಯನ್ನು ಸವರಿಕೊಂಡು ಬರುವ ಆಷಾಢದ ಗಾಳಿ. 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಟ್ಟಿದ ಸಾವಿರ ಮೆಟ್ಟಿಲುಗಳ ಮೇಲೆ ಹರಕೆ ಹೊತ್ತ ಹೆಂಗಸರು ಅರಿಶಿನ ಕುಂಕುಮದ ಬಟ್ಟಲು ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ಬಾಗುತ್ತ ಏರುತ್ತಿದ್ದಾರೆ.

ಬೆಟ್ಟದ ಸುತ್ತಿನ ಬಡಾವಣೆಗಳಲ್ಲಿ ಯಾವ ಮನೆಯಲ್ಲಾದರೂ ನಡೆಯಬಹುದಾದ ಕಥೆ ಇದು. ಅಂಥ ಒಂದು ಮನೆಯ ಅತ್ತೆ ಸೊಸೆಯರು ಆ ದಿನ ಮೆಟ್ಟಿಲೇರಿ ದೊಡ್ಡ ನಂದಿಯ ಬಳಿಗೆ ಬಂದರು. ಸುಮಾರು 700 ಮೆಟ್ಟಿಲು ಹತ್ತಿದ ದಣಿವು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಸೊಸೆಗೆ ಇದ್ದಕ್ಕಿದ್ದಂತೆ ಏನೋ ನೆನಪಾಯಿತು.

"ಅತ್ತೆ, ಹೊರಡುವಾಗ ಗ್ಯಾಸು ಆರಿಸಿದಿರಾ?"

"ಆರಿತ್ತಮ್ಮ. ಹಾಲು ಉಕ್ಕಿತು. ನಾನು ಹೋಗಿ ನೋಡುವ ಹೊತ್ತಿಗೆ ಒಲೆ ತಾನಾಗಿಯೇ ಆರಿತ್ತು. ಹಾಲಿಳಿಸಿ ಬಂದೆ."

"ತಾನಾಗಿಯೇ ಆರಿತ್ತೇ? ನಾಬು ತಿರುಗಿಸಿದಿರಾ?"

ಅತ್ತೆಯ ಕೈ ಅಲ್ಲಿಯೇ ನಿಂತಿತು. ಅವರು ಮಾತನಾಡಲಿಲ್ಲ.

"ಕಿಟಕಿ ತೆರೆದಿದೆಯೇ?"

"ಇರಚಲು ಹೊಡೆಯುತ್ತಿತ್ತು. ಹಾಕಿಬಿಟ್ಟೆ."

"ದೇವರ ಮುಂದೆ ದೀಪ?"

"ಹಚ್ಚಿಯೇ ಬಂದೆ, ಶುಕ್ರವಾರವಲ್ಲವೇ?" ಎಂದರು ಅತ್ತೆ. ಅವರ ದನಿ ನಡುಗಿತು. ಮನೆಯಲ್ಲಿ ಮಲಗಿದ್ದವರು ಇಬ್ಬರೇ: ನೆಗಡಿಯಿಂದ ನರಳುತ್ತಿದ್ದ ಮಾವ, ಅವರ ಮಗ್ಗುಲಲ್ಲಿ ಆರು ವರ್ಷದ ಮೊಮ್ಮಗ.

ಸೊಸೆ ಫೋನು ಕೈಗೆತ್ತಿಕೊಂಡಳು. ಮನೆಯ ನಂಬರು ಒತ್ತಲು ಹೋದವಳು ತಡೆದಳು. ಮಾವನ ಫೋನು ಅಡುಗೆಮನೆಯ ಗೋಡೆಯಲ್ಲೇ ಚಾರ್ಜರಿಗೆ ಸಿಕ್ಕಿಕೊಂಡಿದೆ. ಅದು ಮೊಳಗಿದರೆ ಅವರು ಎದ್ದು, ಕತ್ತಲಲ್ಲಿ ಮೊದಲು ಮಾಡುವ ಕೆಲಸ ದೀಪದ ಸ್ವಿಚ್ಚು ಹಾಕುವುದು. ಆಕೆ ಪಕ್ಕದ ಮನೆಯ ನಿವೃತ್ತ ಉಪಾಧ್ಯಾಯರಿಗೆ ಫೋನು ಮಾಡಿದಳು.

"ಮೇಷ್ಟ್ರೇ, ನಮ್ಮ ಮನೆಯಲ್ಲಿ ಗ್ಯಾಸು ಸೋರುತ್ತಿರಬಹುದು. ದಯವಿಟ್ಟು ಬೆಲ್ಲು ಒತ್ತಬೇಡಿ. ಬಾಗಿಲು ಬಡಿದು ಮಾವನವರನ್ನು ಎಬ್ಬಿಸಿ. ಲೈಟು ಹಾಕಬೇಡಿ ಎಂದು ಹೊರಗಿನಿಂದಲೇ ಕೂಗಿ ಹೇಳಿ. ಮಗುವನ್ನು ಎತ್ತಿಕೊಂಡು ಮೊದಲು ಹೊರಗೆ ಬರಲಿ."

ಉತ್ತರ ಬರಲು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ಅತ್ತೆ ಸೊಸೆಯರು ನಂದಿಯ ಮುಂದೆ ಕೈಮುಗಿದು ನಿಂತಿರಲಿ. ಅಷ್ಟರಲ್ಲಿ ಅವರ ಅಡುಗೆಮನೆಯ ಮೂಲೆಯಲ್ಲಿರುವ ಕೆಂಪು ಸಿಲಿಂಡರಿನ ಸಮಾಚಾರವನ್ನು ವಿಚಾರಿಸುವುದು ಒಳ್ಳಿತು. ಅದು ಪ್ರತಿಯೊಬ್ಬ ಗೃಹಿಣಿಯ ಮನೆಯ ಸಮಾಚಾರವೂ ಹೌದು.

ಮೂಲೆಯಲ್ಲಿ ಕುಳಿತ ಅತಿಥಿ

ಸೌದೆ ಒಲೆಯ ಕಾಲದಲ್ಲಿ ಬೆಂಕಿಯ ಇರವು ಕಣ್ಣಿಗೆ ಕಾಣುತ್ತಿತ್ತು. ಹೊಗೆ ಕಣ್ಣು ಉರಿಸುತ್ತಿತ್ತು. ಕೆಂಡ ಬೂದಿಯ ಕೆಳಗಿದ್ದರೂ ಕೈಗೆ ಬಿಸಿ ತಾಗುತ್ತಿತ್ತು. ಅಡುಗೆ ಅನಿಲದ ಸ್ವಭಾವವೇ ಬೇರೆ. ಅದಕ್ಕೆ ಬಣ್ಣವಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. 1955ರಲ್ಲಿ ಬರ್ಮಾ ಷೆಲ್ ಕಂಪನಿ ಮುಂಬಯಿಯಲ್ಲಿ ಅದರ ಮಾರಾಟವನ್ನು ಆರಂಭಿಸಿತು; 1965ರಲ್ಲಿ ಕಲ್ಕತ್ತೆಯಲ್ಲಿ ಇಂಡೇನ್ ಬಂದಿತು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಅದು ಬಡವರ ಗುಡಿಸಿಲನ್ನೂ ಹೊಕ್ಕಿತು. ಹೀಗೆ ಮನೆಮನೆಗೂ ಬಂದು ಮೂಲೆಯಲ್ಲಿ ಕುಳಿತ ಈ ಅತಿಥಿಯ ಗುಣವನ್ನು ಮಾತ್ರ ಅನೇಕರು ವಿಚಾರಿಸಿಯೇ ಇಲ್ಲ.

ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಒತ್ತಡಕ್ಕೆ ಸಿಕ್ಕಿ ಅದು ದ್ರವವಾಗಿ ನಿಂತಿದೆ. ಸಿಲಿಂಡರನ್ನು ಅಲುಗಿಸಿದಾಗ ಒಳಗೆ ಕುಲುಕಾಡುವುದು ಆ ದ್ರವವೇ. ಹೊರಗೆ ಬಂದೊಡನೆ ಅದು ಅನಿಲವಾಗಿ ಸುಮಾರು 250 ಪಟ್ಟು ಹಿಗ್ಗುತ್ತದೆ. ಮನೆಗೆ ಬರುವ ಸಿಲಿಂಡರಿನ 14.2 ಕಿಲೋ ದ್ರವವೆಲ್ಲ ಅನಿಲವಾದರೆ ಸುಮಾರು 6 ಘನ ಮೀಟರಿನಷ್ಟಾಗುತ್ತದೆ. ಗಾಳಿಯಲ್ಲಿ ಈ ಅನಿಲ ನೂರಕ್ಕೆ ಎರಡರಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಇಡೀ ಗಾಳಿಯೇ ಹೊತ್ತಿಕೊಳ್ಳುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯ ಲೆಕ್ಕ ಹಾಕಿದರೆ, ಅದನ್ನು ಆ ಸ್ಥಿತಿಗೆ ತರಲು ಒಂದೂಕಾಲು ಕಿಲೋ ಅನಿಲ ಸಾಕು. ಅಷ್ಟು ಕೂಡ ಬೇಕಾಗುವುದಿಲ್ಲ. ಏಕೆಂದರೆ ಇದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಕೋಣೆಯ ತುಂಬ ಸಮನಾಗಿ ಹರಡದೆ, ಚೆಲ್ಲಿದ ನೀರಿನಂತೆ ನೆಲವನ್ನು ಹಿಡಿದು, ಹೊಸಿಲು ದಾಟಿ, ತಗ್ಗಿದ್ದ ಕಡೆಗೆ ಹರಿದು ನಿಲ್ಲುತ್ತದೆ.

ಈ ಅನಿಲಕ್ಕೆ ಹುಟ್ಟಿನಿಂದ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಕೊಳೆತ ಎಲೆಕೋಸಿನಂಥ ಆ ದುರ್ವಾಸನೆಯನ್ನು ಬೇಕೆಂದೇ ಸೇರಿಸಿದ್ದಾರೆ; ಈಥೈಲ್ ಮರ್ಕ್ಯಾಪ್ಟನ್ ಎಂದು ಅದರ ಹೆಸರು. ಅನಿಲ ಅಪಾಯದ ಮಟ್ಟವನ್ನು ಮುಟ್ಟುವುದಕ್ಕೆ ಎಷ್ಟೋ ಮೊದಲೇ ಮೂಗಿಗೆ ತಿಳಿಯಲಿ ಎಂಬುದು ಉದ್ದೇಶ. ಆದರೆ ಈ ಕಾವಲುಗಾರನನ್ನು ಪೂರ್ತಿ ನೆಚ್ಚುವಂತಿಲ್ಲ. ನೆಗಡಿಯಾದ ಮೂಗಿಗೆ ವಾಸನೆ ತಿಳಿಯದು. ವಯಸ್ಸಾದವರ ಮೂಗು ಮಂದ. ಅದೇ ಕೋಣೆಯಲ್ಲಿ ಬಹಳ ಹೊತ್ತು ಕುಳಿತವರ ಮೂಗು ವಾಸನೆಗೆ ಒಗ್ಗಿಹೋಗುತ್ತದೆ. ನಿದ್ರಿಸುವವನನ್ನು ವಾಸನೆ ಎಬ್ಬಿಸುವುದೆಂಬ ಭರವಸೆಯಿಲ್ಲ.

ಮೂರು ಮನೆಗಳ ದುಃಖ

ಈ ಗುಣಗಳನ್ನು ಪುಸ್ತಕದ ಮಾತೆಂದು ತಳ್ಳಿಹಾಕುವವರು ಇತ್ತೀಚಿನ ವರ್ಷಗಳಲ್ಲಿ ಕನ್ನಡ ನಾಡಿನಲ್ಲಿಯೇ ನಡೆದ ಮೂರು ದುರಂತಗಳನ್ನು ನೆನೆಯಬೇಕು.

2024ರ ಮೇ ತಿಂಗಳಲ್ಲಿ ಮೈಸೂರಿನ ಯರಗನಹಳ್ಳಿಯಲ್ಲಿ ಒಂದೇ ಕುಟುಂಬದ ನಾಲ್ವರು ಮಲಗಿದಲ್ಲಿಯೇ ಪ್ರಾಣ ಬಿಟ್ಟರು. ಬೆಂಕಿ ಹೊತ್ತಲಿಲ್ಲ, ಸ್ಫೋಟವೂ ಆಗಲಿಲ್ಲ. ಬಟ್ಟೆಗೆ ಇಸ್ತ್ರಿ ಮಾಡಿ ಬದುಕುತ್ತಿದ್ದ ಆ ಚಿಕ್ಕ ಮನೆಯಲ್ಲಿ ಸಿಲಿಂಡರಿನ ಅನಿಲ ಸೋರಿ, ಗಾಳಿಯಾಡದೆ ಉಸಿರುಗಟ್ಟಿತೆಂದು ಆಗ ವರದಿಯಾಯಿತು. ಅನಿಲ ಹೊತ್ತಿಕೊಂಡರೆ ಮಾತ್ರ ಅಪಾಯವೆಂದು ತಿಳಿದಿರುವವರಿಗೆ ಇದೊಂದು ಎಚ್ಚರಿಕೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣವಾಯುವಿನ ಸ್ಥಳವನ್ನೇ ಆಕ್ರಮಿಸುತ್ತದೆ.

ಅದೇ ವರ್ಷದ ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಅಯ್ಯಪ್ಪ ಮಾಲೆ ಧರಿಸಿದ್ದ ಒಂಬತ್ತು ಮಂದಿ ದೇವಾಲಯದ ಕೋಣೆಯೊಂದರಲ್ಲಿ ನೆಲದ ಮೇಲೆ ಮಲಗಿದ್ದರು. ಅದೇ ಕೋಣೆಯಲ್ಲಿ ಅಡುಗೆಯ ಸಿಲಿಂಡರು. ಅದೇ ಕೋಣೆಯಲ್ಲಿ ಪೂಜೆಯ ದೀಪ. ರಾತ್ರಿ ಸಿಲಿಂಡರಿನಿಂದ ಅನಿಲ ಸೋರಿ ದೀಪದಿಂದ ಹೊತ್ತಿಕೊಂಡಿತು. ಮುಂದಿನ ಕೆಲವು ದಿನಗಳಲ್ಲಿ ಆ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅನಿಲ ಹರಿಯುವುದು ನೆಲದ ಮೇಲೆ. ಅವರು ಮಲಗಿದ್ದುದೂ ನೆಲದ ಮೇಲೆಯೇ.

2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಇಬ್ಬರು ಸೋದರಿಯರು ಹೊರಗೆ ಬರಲಿಲ್ಲ. ಬಚ್ಚಲಿನಲ್ಲಿದ್ದ ಗ್ಯಾಸ್ ಗೀಸರು ಅವರ ಸಾವಿಗೆ ಕಾರಣವೆಂದು ವರದಿಯಾಯಿತು. ಗೀಸರು ಸರಿಯಾಗಿ ಉರಿಯುತ್ತಿದ್ದರೂ ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಇದ್ದ ಪ್ರಾಣವಾಯುವನ್ನು ತಿಂದುಹಾಕುತ್ತದೆ. ಆಮೇಲೆ ಉರಿ ಅರೆಬರೆಯಾಗಿ, ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ವಾಸನೆಯೂ ಇಲ್ಲ; ತಲೆ ಸುತ್ತಿತೆನ್ನುವಷ್ಟರಲ್ಲಿ ಕಾಲಿನ ಶಕ್ತಿ ಉಡುಗಿರುತ್ತದೆ. ಆದಕಾರಣ ಅನಿಲದ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆಯಲ್ಲಿಟ್ಟು ಬಿಸಿನೀರನ್ನು ಮಾತ್ರ ನಲ್ಲಿಯಿಂದ ಒಳಕ್ಕೆ ತರತಕ್ಕದ್ದು.

ಮೂರು ಊರು, ಮೂರು ಬಗೆ. ಮೂರರಲ್ಲಿಯೂ ಅಪಾಯ ಬೆಳೆದದ್ದು ಗಾಳಿ ಸಾಲದ ಕೋಣೆಯಲ್ಲಿ. ಆಷಾಢದ ಗಾಳಿಗೂ ಮಾರ್ಗಶಿರದ ಚಳಿಗೂ ಹೆದರಿ ಅಡುಗೆಮನೆಯ ಕಿಟಕಿ ಮುಚ್ಚುವವರು ಇದನ್ನು ಮರೆಯಬಾರದು.

ಕೊರಳಿನಲ್ಲಿರುವ ಬಾಗಿಲು

ಸಿಲಿಂಡರಿನ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚು. ಕನ್ನಂಬಾಡಿ ಕಟ್ಟೆಯ ನೀರು ಕಟ್ಟೆಯ ರಭಸದಿಂದಲೇ ಮನೆಯ ನಲ್ಲಿಗೆ ಬಂದರೆ ಕೊಡ ಉಳಿಯದು. ಅನಿಲದ ರಭಸವನ್ನು ಮುರಿದು, ಒಲೆಗೆ ತಕ್ಕಷ್ಟು ಮೆಲ್ಲಗೆ ಬಿಡುವ ಕೆಲಸ ರೆಗ್ಯುಲೇಟರಿನದು. ಅದರ ಕೆಳಗೆ, ಸಿಲಿಂಡರಿನ ಕೊರಳಿನಲ್ಲಿ, ವಾಲ್ವು ಇದೆ. ವಾಲ್ವಿನ ನಡುವೆ ಸ್ಪ್ರಿಂಗಿನ ಮೇಲೆ ನಿಂತ ಒಂದು ಪಿನ್ನು. ರೆಗ್ಯುಲೇಟರನ್ನು ಕೂರಿಸಿ ನಾಬು ತಿರುಗಿಸಿದಾಗ ಆ ಪಿನ್ನು ಕೆಳಗೊತ್ತಿ ಬಾಗಿಲು ತೆರೆಯುತ್ತದೆ. ನಾಬು ಮುಚ್ಚಿದರೆ ಸ್ಪ್ರಿಂಗು ಪಿನ್ನನ್ನು ಮೇಲಕ್ಕೆ ತಳ್ಳಿ ಬಾಗಿಲು ಮುಚ್ಚುತ್ತದೆ. ಬೆರಳಿನಿಂದಾಗಲಿ ಕಡ್ಡಿಯಿಂದಾಗಲಿ ಈ ಪಿನ್ನನ್ನು ಒತ್ತಿ "ಗ್ಯಾಸು ಇದೆಯೇ" ಎಂದು ಪರೀಕ್ಷಿಸುವವರುಂಟು. ಅದು ಹುಲಿ ಮಲಗಿದೆಯೇ ಎಂದು ಬಾಲ ಎಳೆದು ನೋಡಿದಂತೆ.

ವಾಲ್ವಿನ ಒಳಗೋಡೆಯಲ್ಲಿ ಉಂಗುರದಂಥ ಒಂದು ರಬ್ಬರು ವಾಷರು ಇರುತ್ತದೆ. ನೋಡಲು ಅಲ್ಪ; ಆದರೆ ರೆಗ್ಯುಲೇಟರಿಗೂ ವಾಲ್ವಿಗೂ ನಡುವಣ ಸಂದನ್ನು ಮುಚ್ಚುವುದು ಅದೇ. ಹೊಸ ಸಿಲಿಂಡರು ಕೂರಿಸಿದ ದಿನವೇ ವಾಸನೆ ಬಂದರೆ ಅನೇಕ ವೇಳೆ ಈ ವಾಷರು ಹರಿದಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಆದ್ದರಿಂದ ಸಿಲಿಂಡರು ತಂದವನನ್ನು ಬಾಗಿಲಿನಿಂದಲೇ ಕಳುಹಿಸಿಬಿಡಬಾರದು. ಸೀಲು ಸರಿಯಾಗಿದೆಯೇ, ತೂಕ ಸರಿಯಾಗಿದೆಯೇ, ವಾಷರು ಇದೆಯೇ, ಸೋರುವಿಕೆ ಇಲ್ಲವೇ ಎಂಬುದನ್ನು ಅವನ ಎದುರಿನಲ್ಲಿಯೇ ನೋಡಿಸಿಕೊಳ್ಳುವುದು ಗ್ರಾಹಕರ ಹಕ್ಕು. ನೂಲು ಕಟ್ಟಿದ ಸುರಕ್ಷಾ ಮುಚ್ಚಳವನ್ನು ಕಳಚಿ ಎಸೆಯಬಾರದು. ಆಪತ್ತಿನಲ್ಲಿ ವಾಲ್ವಿನ ಬಾಯಿಗೆ ಅದೇ ಬೀಗ.

ಇನ್ನೊಂದನ್ನು ಓದಿ ನೋಡಬೇಕು. ಸಿಲಿಂಡರಿನ ಮೇಲಿನ ಹಿಡಿಬಳೆಯನ್ನು ಹೊತ್ತು ನಿಂತ ಮೂರು ಪಟ್ಟಿಗಳಲ್ಲಿ ಒಂದರ ಒಳಮೈಯಲ್ಲಿ ಇಂಗ್ಲಿಷಿನ ಒಂದು ಅಕ್ಷರವೂ ಎರಡು ಅಂಕಿಗಳೂ ಇರುತ್ತವೆ. ಎ ಎಂದರೆ ಮಾರ್ಚಿಯ ಕೊನೆ, ಬಿ ಎಂದರೆ ಜೂನಿನ ಕೊನೆ, ಸಿ ಎಂದರೆ ಸೆಪ್ಟೆಂಬರಿನ ಕೊನೆ, ಡಿ ಎಂದರೆ ಡಿಸೆಂಬರಿನ ಕೊನೆ. ಅಂಕಿಗಳು ವರ್ಷವನ್ನು ಸೂಚಿಸುತ್ತವೆ. ಬಿ 28 ಎಂದಿದ್ದರೆ 2028ರ ಜೂನ್ ಮುಗಿಯುವುದರೊಳಗೆ ಆ ಸಿಲಿಂಡರು ಮತ್ತೆ ಪರೀಕ್ಷೆಗೆ ಹೋಗಬೇಕು ಎಂದರ್ಥ. ಅವಧಿ ಮೀರಿದ್ದು ಮನೆಗೆ ಬಂದರೆ ಹಿಂದಕ್ಕೆ ಕಳುಹಿಸಬೇಕು. ಪಂಚಾಂಗ ನೋಡಿ ಹೊರಡುವ ಮನೆಗಳಲ್ಲಿ ಈ ಒಂದು ತಿಥಿಯನ್ನೂ ನೋಡುವ ವಾಡಿಕೆ ಬೆಳೆದರೆ ಲೇಸು.

ಕೂರಿಸುವ ಕ್ರಮ

ಸಿಲಿಂಡರು ಬದಲಾಯಿಸುವ ಮುನ್ನ ಮನೆಯಲ್ಲಿ ಎಲ್ಲಿಯೂ ಬೆಂಕಿಯಿರಕೂಡದು. ಒಲೆಯಲ್ಲಷ್ಟೇ ಅಲ್ಲ, ದೇವರ ಮನೆಯ ನಂದಾದೀಪ, ಊದಿನಕಡ್ಡಿ, ಸೊಳ್ಳೆಬತ್ತಿ, ಮನೆಯ ಯಜಮಾನರ ಸಿಗರೇಟು ಎಲ್ಲವೂ ಆ ಐದು ನಿಮಿಷ ಶಾಂತವಾಗಬೇಕು. ಕಿಟಕಿ ಬಾಗಿಲುಗಳನ್ನು ತೆರೆಯಬೇಕು. ಒಲೆಯ ನಾಬುಗಳೂ ರೆಗ್ಯುಲೇಟರಿನ ನಾಬೂ ಮುಚ್ಚಿರಬೇಕು. ಆಮೇಲೆ ವಾಲ್ವಿನ ಒಳಗೆ ವಾಷರನ್ನು ನೋಡಿ, ರೆಗ್ಯುಲೇಟರನ್ನು ನೆಟ್ಟಗೆ ಹಿಡಿದು, ಅದರ ಕೆಳಗಿನ ಕಪ್ಪು ಬಳೆಯನ್ನು ಮೇಲಕ್ಕೆತ್ತಿ ವಾಲ್ವಿನ ಮೇಲೆ ಕೂರಿಸಿ ಒತ್ತಬೇಕು. ಬಳೆಯನ್ನು ಬಿಟ್ಟಾಗ ಟಕ್ಕೆಂದು ಕೂರುತ್ತದೆ. ಕೂರದಿದ್ದರೆ ಬಲಪ್ರಯೋಗ ಬೇಡ; ಸುತ್ತಿಗೆ, ಇಕ್ಕಳಗಳ ಕೆಲಸ ಇಲ್ಲಿಲ್ಲ. ವಿತರಕರ ಮೆಕ್ಯಾನಿಕ್ಕನ್ನು ಕರೆಸಬೇಕು.

ಸೋರುತ್ತಿದೆಯೇ ಎಂದು ತಿಳಿಯಲು ಬೆಂಕಿಕಡ್ಡಿ ಗೀರಿ ನೋಡುವ ಸಾಹಸಿಗಳು ಇಂದಿಗೂ ಇದ್ದಾರೆ. ಅವರಿಗೆ ಹೇಳುವುದೇನು? ಬಟ್ಟಲಿನಲ್ಲಿ ಸಾಬೂನು ಕದಡಿದ ನೊರೆಯನ್ನು ವಾಲ್ವಿನ ಸುತ್ತ, ಪೈಪಿನ ಎರಡು ತುದಿಗಳಲ್ಲಿ, ಪೈಪಿನ ಉದ್ದಕ್ಕೂ ಸವರಿದರೆ ಸಾಕು. ಸೋರುವ ಕಡೆಯಲ್ಲಿ ಗುಳ್ಳೆ ಏಳುತ್ತದೆ. ಮನೆಯ ಮಕ್ಕಳು ಆಡುವ ಗುಳ್ಳೆಯ ಆಟವೇ ಇಲ್ಲಿ ವೈದ್ಯನ ಪರೀಕ್ಷೆ.

ಪೈಪಿನ ವಿಷಯದಲ್ಲಿ ಜಿಪುಣತನ ಸಲ್ಲದು. ಐಎಸ್‌ಐ ಗುರುತಿರುವ, ಒಳಗೆ ತಂತಿಯ ಬಲವಿರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ವಿತರಕರೇ ಕೊಡುತ್ತಾರೆ. ಅದರ ಆಯುಸ್ಸು 5 ವರ್ಷ. ಬಿರುಕು ಬಿಟ್ಟರೆ ಅದಕ್ಕೂ ಮುಂಚೆಯೇ ಬದಲಾಯಿಸಬೇಕು. ಒಂದೂವರೆ ಮೀಟರಿಗಿಂತ ಉದ್ದ ಬೇಡ. ಎರಡು ತುಂಡು ಜೋಡಿಸುವುದಂತೂ ಕೂಡವೇ ಕೂಡದು. ಅದರ ಮೇಲೆ ಬಟ್ಟೆ ಸುತ್ತಿ ಅಲಂಕರಿಸಬಾರದು. ಬಟ್ಟೆಯ ಕೆಳಗೆ ಇಲಿ ಕಡಿದದ್ದು ಕಾಣುವುದಿಲ್ಲ.

ಒಲೆ ಅಡುಗೆಕಟ್ಟೆಯ ಮೇಲೆ, ಸಿಲಿಂಡರು ಕೆಳಗೆ ನೆಲದ ಮೇಲೆ ಇರಬೇಕು. ಒಲೆಯನ್ನೂ ನೆಲದಲ್ಲಿಟ್ಟರೆ ಸೋರಿದ ಅನಿಲ ನೇರವಾಗಿ ಉರಿಗೆ ಹರಿಯುತ್ತದೆ. ಸಿಲಿಂಡರನ್ನು ಚೆಂದಕ್ಕೆಂದು ಕಪಾಟಿನಲ್ಲಿ ಬಚ್ಚಿಟ್ಟರೆ ಕಪಾಟಿನ ಬುಡದಲ್ಲಿ ಗಾಳಿಗೆ ಕಿಂಡಿ ಬಿಡಬೇಕು. ಮೇಲೆ ಬಿಟ್ಟ ಕಿಂಡಿಯಿಂದ ಭಾರದ ಅನಿಲ ಹೊರಗೆ ಹೋಗದು. ಸಿಲಿಂಡರು ಎಂದಿಗೂ ನೆಟ್ಟಗೆ ನಿಂತಿರಬೇಕು. "ತಳದಲ್ಲಿ ಇನ್ನೂ ಸ್ವಲ್ಪ ಇದೆ" ಎಂದು ಮಲಗಿಸಿ ಉರಿಸುವುದು, ಬಿಸಿನೀರಿನಲ್ಲಿ ನಿಲ್ಲಿಸುವುದು ಕೆಲವರ ಮಿತವ್ಯಯ. ಮಲಗಿಸಿದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಒಲೆಯಲ್ಲಿ ಉರಿ ಭುಗಿಲೇಳುತ್ತದೆ. ಬಿಸಿ ಮಾಡಿದರೆ ಒಳಗಿನ ಒತ್ತಡ ಏರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ಒದ್ದೆ ಬಟ್ಟೆಯಿಂದ ಸಿಲಿಂಡರಿನ ಮೈಯನ್ನು ಒರೆಸಿ ನೋಡಬಹುದು. ದ್ರವವಿರುವ ಭಾಗ ತಣ್ಣಗಿದ್ದು ತಡವಾಗಿ ಆರುತ್ತದೆ. ಖಾಲಿಯಾದ ಭಾಗ ಬೇಗ ಒಣಗುತ್ತದೆ.

ಉರಿಯ ಬಣ್ಣವನ್ನೂ ಗಮನಿಸಬೇಕು. ನೀಲಿ ಉರಿ ಆರೋಗ್ಯದ ಲಕ್ಷಣ. ಹಳದಿಯಾಗಿ ಆಡುತ್ತ, ಪಾತ್ರೆಯ ತಳಕ್ಕೆ ಮಸಿ ಹಿಡಿಸಿದರೆ ಬರ್ನರಿನ ತೂತುಗಳಲ್ಲಿ ಉಕ್ಕಿದ ಹಾಲೋ ಚೆಲ್ಲಿದ ಸಾರೋ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ವಾರಕ್ಕೊಮ್ಮೆ ಬರ್ನರು ತೊಳೆದು ಒಣಗಿಸಿದರೆ ಅನಿಲವೂ ಉಳಿಯುತ್ತದೆ.

ಹಬ್ಬದ ದಿನಗಳಲ್ಲಿ ಬೀದಿಯಲ್ಲಿಯೋ ಶಾಮಿಯಾನದ ಕೆಳಗೋ ಪ್ರಸಾದಕ್ಕೆ ಒಲೆ ಹೂಡುವ ಸಜ್ಜನರು ಮನೆಯ ಸಿಲಿಂಡರನ್ನು ಹೊತ್ತೊಯ್ಯುವುದುಂಟು. ದೊಡ್ಡ ಅಡುಗೆಗೆ 19 ಕಿಲೋ ವಾಣಿಜ್ಯ ಸಿಲಿಂಡರೇ ಇದೆ. ಬಯಲಿನ ಗಾಳಿಗೆ ಉರಿ ಆರದಂತೆ ಒಲೆಗೆ ಮರೆ ಬೇಕು. ಆದರೆ ಸಿಲಿಂಡರನ್ನು ಆ ಮರೆಯ ಹೊರಗೆ, ಒಲೆಯಿಂದಲೂ ಜನರಿಂದಲೂ ದೂರವಿಡಬೇಕು. ಮನೆಯ ಸಿಲಿಂಡರಿನಿಂದ ಪುಟ್ಟ ಸಿಲಿಂಡರಿಗೆ ಅನಿಲ ತುಂಬಿಸಿಕೊಡುವ ಗೂಡಂಗಡಿಯ ವ್ಯವಹಾರ ಕಾನೂನಿಗೆ ವಿರುದ್ಧ, ಪ್ರಾಣಕ್ಕೂ ವಿರುದ್ಧ. ಚಿಕ್ಕದು ಬೇಕಾದವರಿಗೆ ಕಂಪನಿಗಳದೇ 5 ಕಿಲೋ ಸಿಲಿಂಡರು ಸಿಗುತ್ತದೆ.

ವಾಸನೆ ಬಂದಾಗ

ವಾಸನೆ ಬಂದಾಗ ಮೊದಲು ಮಾಡಬೇಕಾದದ್ದು, ಏನನ್ನು ಮಾಡಬಾರದೆಂದು ನೆನೆಯುವುದು. ಬೆಂಕಿಕಡ್ಡಿ, ಲೈಟರು ಬೇಡವೆಂದು ಎಲ್ಲರಿಗೂ ಗೊತ್ತು. ವಿದ್ಯುತ್ ಸ್ವಿಚ್ಚನ್ನು ಹಾಕಬಾರದೆಂದೂ ಕೆಲವರಿಗೆ ಗೊತ್ತು. ಉರಿಯುತ್ತಿರುವ ದೀಪವನ್ನು ಆರಿಸಲೂಬಾರದೆಂಬುದು ಬಹಳ ಮಂದಿಗೆ ಗೊತ್ತಿಲ್ಲ. ಸ್ವಿಚ್ಚು ಮೇಲೆ ಹೋದರೂ ಕೆಳಗೆ ಬಂದರೂ ಒಳಗೆ ಒಂದು ಸಣ್ಣ ಕಿಡಿ ಹಾರುತ್ತದೆ. ಹೊಗೆ ಎಳೆಯುವ ಫ್ಯಾನು, ಕಾಲಿಂಗ್ ಬೆಲ್ಲು, ಫೋನು ಯಾವುದೂ ಆಗ ಬೇಡ.

ಮಾಡಬೇಕಾದದ್ದು ಇಷ್ಟು: ಒಲೆಯ ನಾಬುಗಳನ್ನೂ ರೆಗ್ಯುಲೇಟರನ್ನೂ ಮುಚ್ಚಬೇಕು. ಬಾಗಿಲು ಕಿಟಕಿಗಳನ್ನೆಲ್ಲ ತೆರೆಯಬೇಕು. ಮಕ್ಕಳನ್ನೂ ವೃದ್ಧರನ್ನೂ ಹೊರಗೆ ಕಳುಹಿಸಬೇಕು. ಸೋರುವುದು ವಾಲ್ವಿನಿಂದಲೇ ಆದರೆ ರೆಗ್ಯುಲೇಟರನ್ನು ಕಳಚಿ, ಸುರಕ್ಷಾ ಮುಚ್ಚಳ ಹಾಕಿ, ಸಿಲಿಂಡರನ್ನು ಬಯಲಿಗೆ ಸಾಗಿಸಬೇಕು. ಆಮೇಲೆ ಮನೆಯಿಂದ ದೂರ ನಿಂತು 1906 ಸಂಖ್ಯೆಗೆ ಫೋನು ಮಾಡಬೇಕು. ಅನಿಲದ ಸೋರಿಕೆಗೆಂದೇ 2016ರಿಂದ ಇರುವ ಈ ಸಂಖ್ಯೆ ಹಗಲಿರುಳೂ ಕೆಲಸ ಮಾಡುತ್ತದೆ. ಬೆಂಕಿ ಹೊತ್ತಿದ್ದರೆ 101 ಅಥವಾ 112. ರೆಗ್ಯುಲೇಟರಿಗೆ ಕೈ ನಿರಪಾಯವಾಗಿ ತಲುಪುವಂತಿದ್ದರೆ ಮಾತ್ರ ಮುಚ್ಚಲು ಯತ್ನಿಸಬೇಕು. ಇಲ್ಲದಿದ್ದರೆ ವಸ್ತು ಒಡವೆಗಳ ಆಸೆ ಬಿಟ್ಟು ಎಲ್ಲರೂ ಹೊರಗೆ ಬರಬೇಕು. ಬೆಂಕಿಯಲ್ಲಿ ಬೇಯುವ ಸಿಲಿಂಡರು ಯಾರಿಗೂ ಕಾಯುವುದಿಲ್ಲ.

ಸೆರಗಿಗೆ ಬೆಂಕಿ ತಗುಲಿದರೆ ಓಡಕೂಡದು. ಓಡಿದಷ್ಟೂ ಉರಿಗೆ ಗಾಳಿ. ನೆಲಕ್ಕೆ ಬಿದ್ದು ಹೊರಳಬೇಕು. ಹತ್ತಿರವಿದ್ದವರು ದಪ್ಪ ಕಂಬಳಿ ಹೊದಿಸಬೇಕು. ಸುಟ್ಟ ಗಾಯಕ್ಕೆ ಶಾಯಿ, ಕಾಫಿಪುಡಿ, ಟೂತ್‌ಪೇಸ್ಟು ಬಳಿಯುವ ಮನೆಮದ್ದು ಬೇಡ. 20 ನಿಮಿಷ ನಲ್ಲಿಯ ತಣ್ಣೀರನ್ನು ಹರಿಯಬಿಟ್ಟು, ಶುಭ್ರವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಅಪಘಾತವಾದರೆ ವಿತರಕರಿಗೆ ಕೂಡಲೇ ಲಿಖಿತವಾಗಿ ತಿಳಿಸುವುದನ್ನೂ ಮರೆಯಬಾರದು. ಇಂಥ ಅಪಘಾತಗಳಿಗೆ ತೈಲ ಕಂಪನಿಗಳು ವಿಮೆ ಮಾಡಿಸಿರುತ್ತವೆ. ಅದಕ್ಕೆ ಗ್ರಾಹಕರು ಬೇರೆ ಹಣ ಕಟ್ಟಬೇಕಾಗಿಲ್ಲ.

ನಂದಿಯ ಬಳಿ

ಹತ್ತು ನಿಮಿಷದ ಮೇಲೆ ಸೊಸೆಯ ಫೋನು ಮೊಳಗಿತು. ಆಕೆಯ ಕೈ ನಡುಗುತ್ತಿತ್ತು.

"ಏನೂ ಆಗಿಲ್ಲಮ್ಮ, ಗಾಬರಿಯಾಗಬೇಡಿ," ಎಂದರು ಮೇಷ್ಟ್ರು. "ಮಗು ನನ್ನ ಹೆಗಲ ಮೇಲೆಯೇ ನಿದ್ದೆ ಮಾಡುತ್ತಿದೆ. ರಾಯರಿಗೆ ನೆಗಡಿ, ವಾಸನೆಯೇ ತಿಳಿದಿಲ್ಲ. ಅಡುಗೆಮನೆಯಲ್ಲಿ ಚೆನ್ನಾಗಿಯೇ ವಾಸನೆಯಿತ್ತು. ಒಲೆಯ ನಾಬು ಸಣ್ಣ ಉರಿಗೆ ನಿಂತಿತ್ತು. ಅದನ್ನೂ ಮುಚ್ಚಿ, ಮೇಲಿನದನ್ನೂ ಮುಚ್ಚಿ, ಎಲ್ಲ ಬಾಗಿಲು ತೆರೆದಿಟ್ಟಿದ್ದೇನೆ. ನಾನು ಕೂಗುವ ಹೊತ್ತಿಗೆ ರಾಯರ ಕೈ ಸ್ವಿಚ್ಚಿನ ಮೇಲೆ ಹೋಗಿತ್ತಂತೆ."

"ದೀಪ?"

"ಎಣ್ಣೆ ತೀರಿ ಆಗಲೇ ಶಾಂತವಾಗಿತ್ತು."

ಹೊರಡುವ ಅವಸರದಲ್ಲಿ ಅತ್ತೆ ದೀಪಕ್ಕೆ ಎಂದಿನಷ್ಟು ಎಣ್ಣೆ ಹಾಕಿರಲಿಲ್ಲ. ಅವರು ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಬಹಳ ಹೊತ್ತಿನ ಮೇಲೆ, "ತಾಯಿ ಕಾಪಾಡಿದಳು" ಎಂದರು.

"ಹೌದು ಅತ್ತೆ," ಎಂದಳು ಸೊಸೆ. ಅತ್ತೆಯ ಪಕ್ಕದಲ್ಲಿ ಕುಳಿತು ಅವರ ಕೈ ಹಿಡಿದುಕೊಂಡಳು. "ಆದರೆ ಪ್ರತಿ ಸಲವೂ ನಮ್ಮ ಮನೆಯ ದೀಪದ ಎಣ್ಣೆಯನ್ನು ಅವಳೇ ಲೆಕ್ಕ ಇಡಬೇಕೆಂದರೆ ಹೇಗೆ?"

ಅತ್ತೆಗೆ ಅಳುವಿನ ನಡುವೆಯೂ ನಗು ಬಂದಿತು. ಇಬ್ಬರೂ ಎದ್ದು ಉಳಿದ ಮುನ್ನೂರು ಮೆಟ್ಟಿಲುಗಳನ್ನು ಹತ್ತಿದರು.

ಆ ಮನೆಯಲ್ಲಿ ಅಂದಿನಿಂದ ಒಂದು ಕ್ರಮ ಬೆಳೆಯಿತು. ರಾತ್ರಿ ಊಟವಾದ ಮೇಲೆ ಅತ್ತೆ ಎಂದಿನಂತೆ ಅಡುಗೆಕಟ್ಟೆಯನ್ನು ತೊಳೆದು, ಒಲೆಯನ್ನು ಒರೆಸುತ್ತಾರೆ. ಆಮೇಲೆ ಬಾಗಿ ಸಿಲಿಂಡರಿನ ಮೇಲಿನ ನಾಬನ್ನು ಮುಚ್ಚುತ್ತಾರೆ. ಊರಿಗೆ ಹೊರಟರೂ, ಗುಡಿಗೆ ಹೊರಟರೂ, ಪಕ್ಕದ ಬೀದಿಯ ಅರಿಶಿನ ಕುಂಕುಮಕ್ಕೆ ಹೊರಟರೂ ಇದೇ ಕ್ರಮ. ಅಡುಗೆಮನೆಯ ಕಿಟಕಿಯ ಒಂದು ಬಾಗಿಲು ಇರಚಲು ಹೊಡೆದರೂ ತೆರೆದೇ ಇರುತ್ತದೆ. ಇರಚಲಿಗೆ ಹೊರಗಿನಿಂದ ಒಂದು ತಗಡಿನ ಮರೆ ಬಂದಿದೆ.

ಮುಂದಿನ ಶುಕ್ರವಾರವೂ ಅವರು ಬೆಟ್ಟ ಹತ್ತಿದರು. ನಂದಿಯ ಬಳಿ ಸೊಸೆ ಬಾಯಿ ತೆರೆಯುವುದಕ್ಕೆ ಮೊದಲೇ ಅತ್ತೆ, "ಒಲೆಯದೂ ಮುಚ್ಚಿದ್ದೇನೆ, ಮೇಲಿನದೂ ಮುಚ್ಚಿದ್ದೇನೆ, ನಡಿಯಮ್ಮ" ಎಂದು ಮುಂದಿನ ಮೆಟ್ಟಿಲಿಗೆ ಕುಂಕುಮವಿಟ್ಟರು.